ಸಂತ ಜೋಸೆಫ್ ವಾಜರೂ ಅವರ ಸೇವಾಸಂಗಾತಿಗಳೂ

ನಮ್ಮ ಧರ್ಮಕೇಂದ್ರಗಳಲ್ಲಿ ಪಾಲಕ ಸಂತರ ಹಬ್ಬ ಬಂತೆಂದರೆ ಬಲಿಪೂಜೆ, ತೇರಿನ ಮೆರವಣಿಗೆಗಳ ಬಳಿಕ ಒಂದು ಸಭೆ ನಡೆಯುವುದು ವಾಡಿಕೆ. ಆ ಸಭೆಯಲ್ಲಿ ದೇವಾಲಯಕ್ಕಾಗಿ ದುಡಿದ ಹಿರಿಯರಿಗೆ ಸನ್ಮಾನವೂ ಇರುತ್ತದೆ. 25 ಅಥವಾ 30 ವರ್ಷ ಗಾನವೃಂದದಲ್ಲಿ ಹಾಡಿದವರು, ಮಕ್ಕಳಿಗೆ ಜ್ಞಾನೋಪದೇಶ ಕಲಿಸಿದವರು, ಬಲಿಪೀಠದ ವಸ್ತ್ರಗಳನ್ನು ಒಗೆದು ಮಡಿಸಿಟ್ಟವರು, ಸಾವಿನ ಮನೆಗೆ ಎಲ್ಲರಿಗಿಂತ ಮೊದಲು ಹೋಗಿ ಜಪಸರ ನಡೆಸಿದವರು ಅಂದು ವೇದಿಕೆ ಏರುತ್ತಾರೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಒಂದು ಛಾಯಾಚಿತ್ರ. ಅಲ್ಲಿಗೆ ಕಾರ್ಯಕ್ರಮ ಮುಗಿಯುತ್ತದೆ. ಮರುದಿನ ಬೆಳಿಗ್ಗೆ ಅದೇ ಹಿರಿಯರು ಬಂದು ಹಬ್ಬದ ಕಸ ಗುಡಿಸುತ್ತಿರುತ್ತಾರೆ.

ಈ ಸನ್ಮಾನದ ಬಗ್ಗೆ ನಮ್ಮ ಕುಟುಂಬಗಳಲ್ಲಿ ಎರಡು ಮಾತು ಕೇಳಿಬರುತ್ತವೆ. ದೇವರಿಗಾಗಿ ಮಾಡಿದ ಸೇವೆಗೆ ಮನುಷ್ಯರ ಹಾರವೇಕೆ, ಎಡಗೈಗೆ ತಿಳಿಯದಂತೆ ಬಲಗೈ ಕೊಡಬೇಕೆಂದು ಪ್ರಭುವೇ ಬೋಧಿಸಲಿಲ್ಲವೇ ಎಂಬುದು ಒಂದು. ಇಷ್ಟು ವರ್ಷ ದುಡಿದವರನ್ನು ಒಂದು ದಿನವೂ ನೆನೆಯದಿದ್ದರೆ ಮುಂದಿನ ತಲೆಮಾರಿನವರು ಯಾರು ಬರುತ್ತಾರೆ ಎಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯವಿದೆ. ಸೇವೆ ಮಾಡುವವನು ಹೊಗಳಿಕೆಯನ್ನು ಬಯಸಬಾರದು ಎಂಬುದು ಸೇವಕನಿಗೆ ಹೇಳಿದ ಮಾತು; ಸೇವೆ ಪಡೆದವನು ಸುಮ್ಮನಿರಬಹುದು ಎಂಬುದು ಅದರ ಅರ್ಥವಲ್ಲ. ಸಂತ ತೋಮಾಸ್ ಅಕ್ವಿನಾಸರು ಕೃತಜ್ಞತೆಯನ್ನು ನ್ಯಾಯವೆಂಬ ಸದ್ಗುಣದ ಜೊತೆಯಲ್ಲಿಟ್ಟು ವಿವೇಚಿಸುತ್ತಾರೆ. ಎಂದರೆ ಅದು ಕೇವಲ ಔದಾರ್ಯವಲ್ಲ, ಸಲ್ಲಬೇಕಾದವರಿಗೆ ಸಲ್ಲಬೇಕಾದುದನ್ನು ಸಲ್ಲಿಸುವ ಬಗೆ.

ಈ ಸಂಗತಿ ನಮ್ಮ ನಾಡಿಗೆ ಹೊಸದಲ್ಲ. ಮಾಗಡಿ ತಾಲೂಕಿನ ಕಲ್ಯ ಗ್ರಾಮದ ಹೆಸರು ಹಳೆಯ ಶಾಸನಗಳಲ್ಲಿ ಕಲ್ಲೆಹ ಎಂದು ಬರುತ್ತದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು ವಿಜಯನಗರದ ಬುಕ್ಕರಾಯನು ಬಗೆಹರಿಸಿದ ವಿಷಯ ಶ್ರವಣಬೆಳಗೊಳದ ಪ್ರಸಿದ್ಧ ಶಾಸನದಲ್ಲಿದೆ. ಅದೇ ತೀರ್ಪಿನ ಶಾಸನ ಕಲ್ಯದಲ್ಲಿಯೂ ದೊರೆತಿದೆ. ಜೈನರ ಮನೆಮನೆಗೆ ವರ್ಷಕ್ಕೊಂದು ಹಣದಂತೆ ಸಂಗ್ರಹಿಸಿ ಬೆಳಗೊಳದ ದೇವರ ಕಾವಲಿಗೆ 20 ಮಂದಿಯನ್ನು ನೇಮಿಸಬೇಕೆಂದೂ, ಉಳಿದ ಹಣದಿಂದ ಜೀರ್ಣವಾದ ಬಸದಿಗಳಿಗೆ ಸುಣ್ಣ ಬಳಿಸಬೇಕೆಂದೂ ಅಲ್ಲಿ ಗೊತ್ತುಮಾಡಲಾಯಿತು. ಈ ಕಾರ್ಯದಲ್ಲಿ ಮುಂದೆ ನಿಂತು ರಾಜನಲ್ಲಿ ಬಿನ್ನಹ ಮಾಡಿಕೊಂಡವನು ಕಲ್ಲೆಹದ ಬುಸುವಿಸೆಟ್ಟಿ. ಅವನು ಯತಿಯಲ್ಲ, ಆಚಾರ್ಯನಲ್ಲ, ಒಬ್ಬ ಗೃಹಸ್ಥ. ಎರಡೂ ಸಮಯದವರು ಒಂದುಗೂಡಿ ಅವನಿಗೆ ಸಂಘನಾಯಕನೆಂಬ ಪಟ್ಟ ಕಟ್ಟಿದರೆಂದು ಶಾಸನ ತಿಳಿಸುತ್ತದೆ.

ನಮ್ಮ ಧರ್ಮಸಭೆಯ ಚರಿತ್ರೆಯಲ್ಲಿ ಇಂತಹ ಗೃಹಸ್ಥರು ಅಸಂಖ್ಯಾತ. ಶಿಲಾಶಾಸನ ಪಡೆದವರು ಮಾತ್ರ ವಿರಳ. ಅವರ ನೆರವಿಲ್ಲದಿದ್ದರೆ ಒಬ್ಬ ಸಂತರ ಜೀವನವೇ ಮೊದಲ ವರ್ಷದಲ್ಲಿ ಮುಗಿದುಹೋಗುತ್ತಿತ್ತು ಎಂಬುದಕ್ಕೆ ಉತ್ತಮ ನಿದರ್ಶನ ಸಂತ ಜೋಸೆಫ್ ವಾಜರು. ಶ್ರೀಲಂಕೆಯ ಪ್ರೇಷಿತರೆಂದು ಲೋಕವು ಅವರನ್ನು ಬಲ್ಲದು. ಅದಕ್ಕೂ ಮೊದಲು ಅವರು ನಮ್ಮ ಕರ್ನಾಟಕದ ಕರಾವಳಿಯಲ್ಲಿ ದುಡಿದವರು. ಕೆನರಾದ ಪ್ರೇಷಿತರೆಂಬ ಬಿರುದೂ ಅವರಿಗುಂಟು. ಸೇವಾಕರ್ತರನ್ನು ಗೌರವಿಸುವುದು ಹೇಗೆಂದು ತಿಳಿಯಬಯಸುವ ಕುಟುಂಬಗಳು ಅವರ ಚರಿತ್ರೆಯನ್ನು ಒಮ್ಮೆ ಅವರ ಸಂಗಾತಿಗಳ ಕಡೆಯಿಂದಲೂ ನೋಡಬೇಕು.

ಬಾಲ್ಯ ಮತ್ತು ಗುರುದೀಕ್ಷೆ

ಜೋಸೆಫ್ ವಾಜರು ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಸಾಷ್ಟಿ ಪ್ರಾಂತದ ಬಾಣಾವಲಿ ಗ್ರಾಮದಲ್ಲಿ. ಅದು ತಾಯಿ ಮರಿಯಾ ದ ಮಿರಾಂಡಾ ಅವರ ತವರು. ತಂದೆ ಕ್ರಿಸ್ತೊವಾಂವ್ ವಾಜರು ಸಾಂಕವಾಳ ಗ್ರಾಮದವರು. ಆರು ಮಂದಿ ಮಕ್ಕಳಲ್ಲಿ ಇವರು ಮೂರನೆಯವರು. ಎಂಟನೆಯ ದಿನ ಬಾಣಾವಲಿಯ ಸ್ನಾನಿಕ ಯೊವಾನ್ನರ ದೇವಾಲಯದಲ್ಲಿ ಅವರಿಗೆ ದೀಕ್ಷಾಸ್ನಾನವಾಯಿತು. ಮನೆಯ ಮಾತು ಕೊಂಕಣಿ. ಸಾಂಕವಾಳದಲ್ಲಿ ಪೋರ್ಚುಗೀಸನ್ನೂ ಬಾಣಾವಲಿಯಲ್ಲಿ ಲತೀನನ್ನೂ ಕಲಿತು, ಮುಂದೆ ಗೋವಾ ನಗರದಲ್ಲಿ ಯೇಸುಸಭೆಯವರ ಸಂತ ಪೌಲರ ಕಾಲೇಜಿನಲ್ಲಿಯೂ, ಡೊಮಿನಿಕ್ ಸಭೆಯವರು ನಡೆಸುತ್ತಿದ್ದ ಸಂತ ತೋಮಾಸ್ ಅಕ್ವಿನಾಸರ ವಿದ್ಯಾಲಯದಲ್ಲಿಯೂ ಓದಿ ತತ್ವಶಾಸ್ತ್ರ ಹಾಗೂ ದೈವಶಾಸ್ತ್ರಗಳನ್ನು ಪೂರೈಸಿದರು.

1676ರಲ್ಲಿ ಅವರಿಗೆ ಗುರುದೀಕ್ಷೆ ದೊರೆಯಿತು. ಆ ಕಾಲದ ಗೋವೆಯಲ್ಲಿ ನಾಡಿನ ಗುರುಗಳಿಗೆ ಅಷ್ಟೇನೂ ಮನ್ನಣೆ ಇರಲಿಲ್ಲ; ಎತ್ತರದ ಸ್ಥಾನಗಳೆಲ್ಲ ಯೂರೋಪಿನವರಿಗೆ ಮೀಸಲು. ತರುಣ ಗುರುಗಳು ಅದರ ಬಗ್ಗೆ ಕೊರಗಲಿಲ್ಲ. ಬಡವರಂತೆ ಇರಬೇಕೆಂದು ಪಾದರಕ್ಷೆಗಳನ್ನು ಬಿಟ್ಟು ಬರಿಗಾಲಿನಲ್ಲಿ ನಡೆಯತೊಡಗಿದರು. ಸಾಂಕವಾಳದಲ್ಲಿ ಲತೀನ್ ಶಾಲೆಯೊಂದನ್ನು ತೆರೆದು, ಮುಂದೆ ಗುರುಗಳಾಗಬಯಸುವ ಹುಡುಗರಿಗೆ ಪಾಠ ಹೇಳಿದರು. 1677ರ ಆಗಸ್ಟ್ 5ರಂದು ತಮ್ಮನ್ನು ಮಾತೆ ಮರಿಯಮ್ಮನವರ ದಾಸನೆಂದು ಘೋಷಿಸಿಕೊಂಡು ಸಮರ್ಪಣಾ ಪತ್ರವೊಂದನ್ನು ಬರೆದು ಸಹಿ ಮಾಡಿದರು. ಮುಂದಿನ 33 ವರ್ಷಗಳ ಬದುಕು ಆ ದಾಸ್ಯಪತ್ರದ ವಿವರಣೆಯಂತೆಯೇ ನಡೆಯಿತು.

ಕೆನರಾದ ಮೂರು ವರ್ಷ

ಸಿಂಹಳ ದ್ವೀಪದಲ್ಲಿ ಕಥೋಲಿಕರು ಗುರುಗಳಿಲ್ಲದೆ ಬಳಲುತ್ತಿರುವ ಸುದ್ದಿ ಆಗಲೇ ಅವರ ಕಿವಿಗೆ ಬಿದ್ದಿತ್ತು. ಅಲ್ಲಿಗೆ ಹೋಗಲು ಅಪ್ಪಣೆ ಬೇಡಿದರು. ಆದರೆ ಗೋವೆಯ ಅಧಿಕಾರಿಗಳು 1681ರಲ್ಲಿ ಅವರನ್ನು ಕೆನರಾದ ಧರ್ಮಕೇಂದ್ರಗಳ ಮೇಲ್ವಿಚಾರಕರನ್ನಾಗಿ ಕಳುಹಿಸಿದರು. ಆಗ ಆ ಸೀಮೆ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿತ್ತು. ಗೋವೆಯಿಂದ ಬಂದು ನೆಲೆಸಿದ್ದ ಕಥೋಲಿಕ ಒಕ್ಕಲುಗಳು ಹೊಳೆ, ಕಾಡು, ಗುಡ್ಡಗಳ ನಡುವೆ ಚದುರಿಹೋಗಿದ್ದವು. ಗುರುಗಳ ಮುಖವನ್ನು ವರ್ಷಗಟ್ಟಲೆ ಕಾಣದ ಮನೆಗಳೂ ಇದ್ದವು.

ಇದರ ಜೊತೆಗೆ ಧರ್ಮಸಭೆಯೊಳಗೇ ಒಂದು ಒಡಕು. ಪೋರ್ಚುಗಲ್ ಅರಸನ ಪದ್ರೊವಾದೊ ಹಕ್ಕಿನಂತೆ ಕೆನರಾ ತಮಗೆ ಸೇರಿದ್ದೆಂದು ಗೋವೆಯವರ ವಾದ. ರೋಮಿನ ಧರ್ಮಪ್ರಚಾರ ಮಂಡಳಿಯಿಂದ ನೇಮಕಗೊಂಡಿದ್ದ ಧರ್ಮಾಧ್ಯಕ್ಷ ತೋಮಾಸ್ ದ ಕಾಸ್ತ್ರೊ ಅವರಿಗೆ ತಮ್ಮದೇ ಅಧಿಕಾರವೆಂಬ ನಿಲುವು. ಇಬ್ಬರ ನಡುವೆ ಜನ ಕಂಗೆಟ್ಟಿದ್ದರು. ಯಾರು ಕೊಟ್ಟ ಸಂಸ್ಕಾರ ಸಿಂಧು, ಯಾರದು ಅಸಿಂಧು ಎಂಬ ಅನುಮಾನ ಮನೆಮನೆಯನ್ನೂ ಕಾಡುತ್ತಿತ್ತು. ವಾಜರು ಧರ್ಮಾಧ್ಯಕ್ಷರೊಡನೆ ವಿನಯದಿಂದ ಮಾತನಾಡಿದರು. ಜಗಳವನ್ನು ಜನರ ಅಂಗಳಕ್ಕೆ ತರದಂತೆ ನೋಡಿಕೊಂಡರು. ಮೇಲಿನವರ ವ್ಯಾಜ್ಯ ಕೊನೆಗಾಣುವವರೆಗೆ ಕೆಳಗಿನವರ ಆತ್ಮಗಳು ಕಾದಿರಲಾರವು ಎಂಬುದನ್ನು ಅವರು ಬಲ್ಲವರಾಗಿದ್ದರು.

ಮಂಗಳೂರು, ಮೂಲ್ಕಿ, ಕಲ್ಯಾಣಪುರ, ಬಾರಕೂರು, ಬಸ್ರೂರು, ಗಂಗೊಳ್ಳಿಗಳ ನಡುವೆ ಅವರು ಸಂಚರಿಸಿದರು. ಪಾಪನಿವೇದನೆ ಕೇಳಿದರು, ರೋಗಿಗಳನ್ನು ಕಂಡರು, ಜೀತಕ್ಕೆ ಸಿಕ್ಕಿದ್ದ ಕ್ರೈಸ್ತರಿಗೆ ನೆರವಾದರು. ಚಿಕ್ಕ ಶಾಲೆಗಳನ್ನು ತೆರೆದು ಭಕ್ತಸಂಘಗಳನ್ನು ಸ್ಥಾಪಿಸಿದರು. ಭಕ್ತಸಂಘವೆಂದರೆ ಏನು? ಗುರುಗಳು ಮುಂದಿನ ಊರಿಗೆ ಹೊರಟುಹೋದ ಮೇಲೆ ದೀಪ ಹಚ್ಚುವವರು, ಜಪ ಹೇಳಿಸುವವರು, ಸತ್ತವರನ್ನು ಮಣ್ಣುಮಾಡುವವರು ಯಾರೆಂಬ ಪ್ರಶ್ನೆಗೆ ಅದು ಉತ್ತರ. ಕರಾವಳಿಯ ಧರ್ಮಕೇಂದ್ರಗಳಲ್ಲಿ ವಾಳೆಗೊಬ್ಬರಂತೆ ಇಂದಿಗೂ ಇರುವ ಗುರ್ಕಾರರನ್ನೂ ನಮ್ಮ ಬಯಲುಸೀಮೆಯ ಹಳ್ಳಿಗಳ ಉಪದೇಶಿಗಳನ್ನೂ ಬಲ್ಲವರಿಗೆ ಈ ಏರ್ಪಾಡಿನ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ದಕ್ಷಿಣ ಕನ್ನಡದ ಮುಡಿಪು ಗುಡ್ಡದಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರವಿದೆ. ರೋಗಿಯೊಬ್ಬರಿಗೆ ಸಂಸ್ಕಾರ ನೀಡಬೇಕೆಂದು ರಾತ್ರಿಯ ವೇಳೆ ಕರೆದೊಯ್ದವರು ಅವರನ್ನು ಕೊಲ್ಲಲು ಹೊಂಚುಹಾಕಿದ್ದರೆಂದೂ, ಅವರು ಊರುಗೋಲನ್ನು ನೆಲಕ್ಕೆ ಊರಿದಾಗ ಅಲ್ಲಿ ನೀರು ಚಿಮ್ಮಿತೆಂದೂ ಐತಿಹ್ಯ. ಭಕ್ತರು ಇಂದಿಗೂ ಆ ಬುಗ್ಗೆಗಳ ಬಳಿಗೆ ಹೋಗಿಬರುತ್ತಾರೆ. ಐತಿಹ್ಯವನ್ನು ಐತಿಹ್ಯವೆಂದೇ ತೆಗೆದುಕೊಂಡರೂ ಒಂದು ಮಾತು ಸ್ಪಷ್ಟ: ಯಾರು ಕರೆದರೂ, ಎಷ್ಟು ಹೊತ್ತಿನಲ್ಲಿ ಕರೆದರೂ ಹೊರಡುವವರು ಅವರೆಂದು ಜನ ನಂಬಿದ್ದರು.

ಕೂಲಿಯವನ ವೇಷದಲ್ಲಿ

1684ರಲ್ಲಿ ವಾಜರು ಗೋವೆಗೆ ಮರಳಿದರು. ಅಲ್ಲಿ ನಾಡಿನ ಗುರುಗಳು ಕೆಲವರು ಸೇರಿ ಒಟ್ಟಾಗಿ ಬಾಳುವ ಪ್ರಯತ್ನ ನಡೆಸಿದ್ದರು. 1685ರ ಸೆಪ್ಟೆಂಬರ್ 25ರಂದು ವಾಜರು ಅವರನ್ನು ಕೂಡಿಕೊಂಡರು. ಸ್ವಲ್ಪ ಕಾಲದಲ್ಲಿಯೇ ಅವರ ಹಿರಿಯರಾಗಿ ಆಯ್ಕೆಗೊಂಡರು. ಸಂತ ಫಿಲಿಪ್ ನೇರಿಯವರ ಪದ್ಧತಿಯನ್ನು ಅನುಸರಿಸಿದ ಈ ಕೂಟವೇ ಗೋವೆಯ ಒರೆಟರಿ ಸಭೆ. ಸ್ಥಾನ ಸಿಕ್ಕಿತು, ಮನೆ ಸಿಕ್ಕಿತು. ಆದರೆ ಸಿಂಹಳದ ಹಂಬಲ ಬಿಡಲಿಲ್ಲ. 1686ರಲ್ಲಿ ಅವರು ಮತ್ತೆ ಹೊರಟರು. ಯಾರೂ ಅವರನ್ನು ಕಳುಹಿಸಲಿಲ್ಲ, ತಾವಾಗಿಯೇ ಮುಂದೆ ಬಂದು ಅಪ್ಪಣೆ ಬೇಡಿ ಹೊರಟವರು.

ಸಿಂಹಳದ ಕರಾವಳಿಯಿಂದ ಪೋರ್ಚುಗೀಸರನ್ನು ಡಚ್ಚರು 1658ರ ಹೊತ್ತಿಗೆ ಸಂಪೂರ್ಣವಾಗಿ ಹೊರಗಟ್ಟಿದ್ದರು. ಕಥೋಲಿಕ ಗುರುಗಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಅವರಿಗೆ ಆಶ್ರಯ ಕೊಟ್ಟವರಿಗೂ ಕಠಿಣ ದಂಡನೆ. ದೇವಾಲಯಗಳು ಡಚ್ಚರ ಪ್ರಾರ್ಥನಾಮಂದಿರಗಳಾಗಿದ್ದವು. ಸುಮಾರು 30 ವರ್ಷಗಳಿಂದ ಬಲಿಪೂಜೆಯೇ ಇಲ್ಲ. ಇಂತಹ ನಾಡಿಗೆ ಗುರುವಸ್ತ್ರ ತೊಟ್ಟು ಹೋಗುವುದು ಸಾಧ್ಯವಿರಲಿಲ್ಲ. ವಾಜರು ಕೂಲಿಯವನ ವೇಷ ತೊಟ್ಟರು: ಸೊಂಟಕ್ಕೊಂದು ಬಟ್ಟೆ, ಬರಿಗಾಲು.

ಈ ಪಯಣದಲ್ಲಿ ಅವರ ನೆಚ್ಚಿನ ಸಂಗಾತಿ ಜುವಾಂವ್ ಎಂಬ ಯುವಕ. ಅವನು ಗುರುವಲ್ಲ, ಮಠವಾಸಿಯಲ್ಲ, ಸೇವಕ. ಸಂತರ ಚರಿತ್ರೆಯಲ್ಲಿ ಅವನಿಗೆ ದೊರೆತಿರುವುದು ಕೆಲವೇ ಸಾಲುಗಳು. ಆದರೆ ಗೋವೆಯಿಂದ ಕೆನರಾ, ಮಲಬಾರುಗಳ ಮೂಲಕ ತೂತುಕುಡಿಯವರೆಗಿನ ದಾರಿಯಲ್ಲಿ ಜೊತೆಗಿದ್ದವನು ಅವನು. ಸಮುದ್ರ ದಾಟಿದಾಗ, ಕಾಯಿಲೆ ಬಿದ್ದಾಗ, ಸೆರೆಮನೆ ಸೇರಿದಾಗಲೂ ಜೊತೆಗಿದ್ದವನು ಅವನೇ. ವಾಜರಿಗಾದರೂ ದೈವಕರೆಯ ಸ್ಪಷ್ಟ ಅರಿವಿತ್ತು, ಬೆನ್ನ ಹಿಂದೆ ಒಂದು ಗುರುಕೂಟವಿತ್ತು. ಜುವಾಂವ್‌ಗೆ ಇದ್ದುದು ಒಬ್ಬ ಮನುಷ್ಯನ ಮೇಲಿನ ನಂಬಿಕೆ ಮಾತ್ರ. ಇವರಿಬ್ಬರಲ್ಲಿ ಯಾರ ಧೈರ್ಯ ಹೆಚ್ಚಿನದೆಂದು ತೂಗಿ ಹೇಳುವುದು ನಮ್ಮಿಂದಾಗದು.

ಯಾಳ್ಪಾಣದ ಮನೆಗಳು

1687ರ ಪಾಸ್ಕ ಹಬ್ಬದ ವೇಳೆಗೆ ಅವರಿಬ್ಬರೂ ಯಾಳ್ಪಾಣ ಪಟ್ಟಣವನ್ನು ಮುಟ್ಟಿದರು. ಸಮುದ್ರದ ಮೇಲೆ ಅನ್ನನೀರಿಲ್ಲದೆ ಕಳೆದ ದಿನಗಳ ಫಲವಾಗಿ ವಾಜರಿಗೆ ವಿಪರೀತ ಆಮಶಂಕೆ ಹತ್ತಿತು. ಸೋಂಕಿಗೆ ಅಂಜಿ ಅವರನ್ನು ಹೊರಗೆ ಹಾಕಿದಾಗ, ಒಬ್ಬ ಬಡ ಹೆಂಗಸು ದಿನವೂ ಸ್ವಲ್ಪ ಗಂಜಿ ತಂದು ಕೊಡುತ್ತಿದ್ದಳೆಂದು ಚರಿತ್ರೆಕಾರರು ಹೇಳುತ್ತಾರೆ. ಆ ಹೆಂಗಸು ತಾನು ಯಾರಿಗೆ ಉಣಿಸುತ್ತಿದ್ದೇನೆಂದು ತಿಳಿದವಳಲ್ಲ. ಅವಳ ಕಣ್ಣಿಗೆ ಕಂಡವನು ಒಬ್ಬ ಪರದೇಶಿ ಭಿಕ್ಷುಕ. ಅಂದು ಆ ಗಂಜಿ ಇಲ್ಲದಿದ್ದರೆ ಲಂಕೆಯ ಧರ್ಮಸಭೆಯ ಚರಿತ್ರೆ ಹೇಗಾಗುತ್ತಿತ್ತೋ ದೇವರೇ ಬಲ್ಲನು.

ಚೇತರಿಸಿಕೊಂಡ ಮೇಲೆ ವಾಜರು ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೊರಟರು. ಭಿಕ್ಷುಕನ ಕೊರಳನ್ನು ಕಂಡು ಯಾರ ಮುಖ ಅರಳುತ್ತದೆ ಎಂದು ಗಮನಿಸುವುದೇ ಅವರ ಉದ್ದೇಶ. ಹೀಗೆ ಒಂದೊಂದೇ ಕಥೋಲಿಕ ಮನೆ ಪತ್ತೆಯಾಯಿತು. ಸಿಲ್ಲಾಲೈ ಎಂಬ ಹಳ್ಳಿಯವರು ಅವರಿಗೆ ನೆಲೆ ಕೊಟ್ಟರು. ರಾತ್ರಿಯ ಹೊತ್ತು ಬಲಿಪೂಜೆ, ಪಾಪನಿವೇದನೆ, ದೀಕ್ಷಾಸ್ನಾನಗಳು ನಡೆದವು. ಬೆಳಗಾಗುವ ಮುನ್ನ ಗುರುಗಳು ಬೇರೆ ಮನೆಗೆ. ಇದಕ್ಕೆ ಎಷ್ಟು ಜನರ ನೆರವು ಬೇಕಾಗಿತ್ತೆಂದು ಯೋಚಿಸಿ ನೋಡಿ. ಬಾಗಿಲಲ್ಲಿ ಕಾವಲು ನಿಲ್ಲುವವನೊಬ್ಬ, ಊರಿಂದೂರಿಗೆ ಸುದ್ದಿ ಒಯ್ಯುವವನೊಬ್ಬ, ಪೂಜೆಯ ಪಾತ್ರೆಗಳನ್ನು ಅಡಗಿಸಿಡುವವಳೊಬ್ಬಳು. ಇವರಲ್ಲಿ ಯಾರೊಬ್ಬರು ಬಾಯಿಬಿಟ್ಟಿದ್ದರೂ ಎಲ್ಲವೂ ಮುಗಿಯುತ್ತಿತ್ತು.

1689ರ ಕ್ರಿಸ್ತಜಯಂತಿಯ ರಾತ್ರಿ ಡಚ್ ಸೈನಿಕರು ಪೂಜೆಗೆ ಸೇರಿದ್ದ ಮನೆಗೆ ನುಗ್ಗಿದರು. ವಾಜರು ಸೆರೆಸಿಗದೆ ಪಾರಾದರು. ನೂರಾರು ವಿಶ್ವಾಸಿಗಳು ಸಿಕ್ಕಿಬಿದ್ದರು. ಮುಖಂಡರೆಂದು ಗುರುತಿಸಲ್ಪಟ್ಟವರನ್ನು ಥಳಿಸಲಾಯಿತು. ಒಬ್ಬರು ಆ ಹೊಡೆತಗಳಿಂದಲೇ ಪ್ರಾಣಬಿಟ್ಟರು. ಉಳಿದವರಿಗೆ ಸಂಕೋಲೆ ತೊಡಿಸಿ ಬಿಟ್ಟಿ ಕೆಲಸಕ್ಕೆ ದೂಡಲಾಯಿತು. ಗುರುಗಳು ಎಲ್ಲಿದ್ದಾರೆಂದು ಹೇಳಿ ಅವರು ಬಿಡುಗಡೆ ಪಡೆಯಬಹುದಾಗಿತ್ತು. ಅವರು ಹೇಳಲಿಲ್ಲ. ನಾವು ದೇವಾಲಯದ ಸೇವೆ ಎಂದಾಗ ಹೂವು, ಹಾಡು, ಮೇಣದ ಬತ್ತಿಗಳು ನೆನಪಾಗುತ್ತವೆ. ಅದೇ ಸೇವೆಗೆ ಆ ಗೃಹಸ್ಥರು ತೆತ್ತ ಬೆಲೆ ಇದು.

ಸೆರೆಮನೆಯಲ್ಲಿ ದೇವಾಲಯ

1690ರಲ್ಲಿ ವಾಜರು ಕ್ಯಾಂಡಿ ಅರಸನ ಆಳ್ವಿಕೆಗೆ ಸೇರಿದ ಪುತ್ತಳಂ ಕಡೆಗೆ ಬಂದರು. ಗುರುಗಳಿಲ್ಲದಿದ್ದರೂ ಪ್ರಾರ್ಥನೆಯನ್ನು ಮರೆಯದ ಕಥೋಲಿಕ ಸಮುದಾಯವೊಂದು ಅಲ್ಲಿತ್ತು. 1692ರಲ್ಲಿ ರಾಜಧಾನಿ ಕ್ಯಾಂಡಿಯತ್ತ ಹೊರಟಾಗ, ಅವರು ಪೋರ್ಚುಗೀಸರ ಗೂಢಚಾರರೆಂದು ಯಾರೋ ದೂರು ಕೊಟ್ಟಿದ್ದರಿಂದ ಸೆರೆಯಾಯಿತು. ಜುವಾಂವ್ ಸಹ ಸೆರೆ ಸೇರಿದ. ಆ ಅವಧಿಯನ್ನು ವಾಜರು ಸಿಂಹಳ ಭಾಷೆ ಕಲಿಯಲು ಬಳಸಿಕೊಂಡರು. ಕಾವಲು ಸಡಿಲವಾದಂತೆ ಅಲ್ಲಿಯೇ ಒಂದು ಗುಡಿಸಲು ಕಟ್ಟಿ ಬಲಿಪೀಠ ಹಾಕಿದರು. ಕ್ಯಾಂಡಿಯ ಕಥೋಲಿಕರು ಒಬ್ಬೊಬ್ಬರಾಗಿ ಬರತೊಡಗಿದರು. ಹೀಗೆ ಸೆರೆಮನೆಯೇ ಧರ್ಮಕೇಂದ್ರವಾಯಿತು.

1693ರಲ್ಲಿ ಆ ರಾಜ್ಯಕ್ಕೆ ಬರ ಬಂತು. ಅರಸ ಎರಡನೆಯ ವಿಮಲಧರ್ಮಸೂರ್ಯನು ಬೌದ್ಧ ಭಿಕ್ಷುಗಳಿಂದ ಪ್ರಾರ್ಥನೆ ಮಾಡಿಸಿದ ಮೇಲೆ ವಾಜರನ್ನೂ ಕೇಳಿಕೊಂಡನು. ಅವರು ಬಯಲಿನಲ್ಲಿ ಶಿಲುಬೆಯನ್ನು ನಿಲ್ಲಿಸಿ ಮೊಣಕಾಲೂರಿ ಪ್ರಾರ್ಥಿಸಿದರು, ಮಳೆ ಸುರಿಯಿತು. ಅವರೂ ಬಲಿಪೀಠವೂ ನೆನೆಯದೆ ಉಳಿದರೆಂದು ಪರಂಪರೆ ಹೇಳುತ್ತದೆ. ಅರಸನು ಅವರಿಗೆ ರಾಜ್ಯದಲ್ಲಿ ಸಂಚರಿಸಿ ಬೋಧಿಸುವ ಸ್ವಾತಂತ್ರ್ಯ ಕೊಟ್ಟನು. ಬೌದ್ಧ ಅರಸನೊಬ್ಬನ ಈ ಔದಾರ್ಯವನ್ನು ನಾವು ಮರೆಯಬಾರದು. ಕ್ರೈಸ್ತರದೇ ಆಡಳಿತವಿದ್ದ ಕರಾವಳಿಯಲ್ಲಿ ಬೇಟೆಗೊಳಗಾದ ಗುರುಗಳಿಗೆ ಆಶ್ರಯ ಸಿಕ್ಕಿದ್ದು ಅನ್ಯಧರ್ಮದ ಅರಸನ ನೆರಳಿನಲ್ಲಿ.

ಸಿಡುಬಿನ ವರ್ಷ

ಹತ್ತು ವರ್ಷಗಳ ಕಾಲ ಒಬ್ಬರೇ ದುಡಿದ ಬಳಿಕ ಗೋವೆಯಿಂದ ಸಹಾಯಕ ಗುರುಗಳು ಬಂದರು. ಅವರಲ್ಲಿ ಒಬ್ಬರು ವಾಜರ ಬಂಧು ಜೋಸೆಫ್ ದ ಕಾರ್ವಾಲೊ. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಕಾಣಿಸಿಕೊಂಡಿತು. ಅರಸನೂ ಆಸ್ಥಾನದವರೂ ಪಟ್ಟಣವನ್ನು ತೊರೆದರು. ರೋಗಿಗಳನ್ನು ಮನೆಯವರೇ ಕಾಡಿಗೆ ಬಿಟ್ಟು ಓಡಿದರು. ವಾಜರೂ ಕಾರ್ವಾಲೊ ಅವರೂ ಉಳಿದರು. ಕಾಡಿನಲ್ಲಿ ಬಿದ್ದಿದ್ದವರನ್ನು ಹೊತ್ತು ತಂದು, ತೆರವಾದ ಮನೆಗಳಲ್ಲಿ ಮಲಗಿಸಿ, ಗಾಯ ತೊಳೆದು ಗಂಜಿ ಕುಡಿಸಿದರು. ಸತ್ತವರಿಗೆ ತಾವೇ ಗುಂಡಿ ತೋಡಿದರು. ರೋಗಿಯು ಕ್ರೈಸ್ತನೋ ಬೌದ್ಧನೋ ಎಂದು ಕೇಳಲಿಲ್ಲ. ಹತ್ತು ವರ್ಷಗಳ ಹಿಂದೆ ತಾವೇ ಯಾಳ್ಪಾಣದಲ್ಲಿ ಹೊರದೂಡಲ್ಪಟ್ಟ ರೋಗಿಯಾಗಿದ್ದರು. ಅಂದು ಕುಡಿದ ಗಂಜಿಯ ಋಣವನ್ನು ಇಲ್ಲಿ ತೀರಿಸುತ್ತಿದ್ದಂತಿತ್ತು.

ಮುಪ್ಪು ಮತ್ತು ಅಣ್ಣಾವಿಗಳು

ವಾಜರು ಕಟ್ಟಿದ ಧರ್ಮಸಭೆಯ ಗುಟ್ಟು ಇರುವುದು ಇಲ್ಲಿಯೇ. ಇಡೀ ದ್ವೀಪಕ್ಕೆ ಬೆರಳೆಣಿಕೆಯ ಗುರುಗಳು. ಒಂದೂರಿಗೆ ವರ್ಷಕ್ಕೆ ಒಂದೆರಡು ಬಾರಿ ಬಂದರೆ ಹೆಚ್ಚು. ಆದ್ದರಿಂದ ಅವರು ಊರೂರಿಗೆ ಮುಪ್ಪು ಎಂಬ ಹಿರಿಯರನ್ನೂ ಅಣ್ಣಾವಿ ಎಂಬ ಉಪದೇಶಿಗಳನ್ನೂ ನೆಲೆಗೊಳಿಸಿದರು. ಭಾನುವಾರ ಜನರನ್ನು ಕೂಡಿಸಿ ಪ್ರಾರ್ಥನೆ ನಡೆಸುವುದು, ಮಕ್ಕಳಿಗೆ ಕಲಿಸುವುದು, ತುರ್ತು ಸಮಯದಲ್ಲಿ ದೀಕ್ಷಾಸ್ನಾನ ಕೊಡುವುದು, ಸಾಯುವವರ ಪಕ್ಕದಲ್ಲಿ ಕುಳಿತು ಪಶ್ಚಾತ್ತಾಪದ ಪ್ರಾರ್ಥನೆ ಹೇಳಿಸುವುದು ಇವರ ಕೆಲಸ. 1705ರಲ್ಲಿ ಗೋವೆಯಿಂದ ಬಂದ ಜಾಕೊಮೆ ಗೊನ್ಸಾಲ್ವಿಸ್ ಗುರುಗಳು ಸಿಂಹಳ ಮತ್ತು ತಮಿಳು ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು. ಗುರುಗಳಿಲ್ಲದ ಭಾನುವಾರಗಳಲ್ಲಿ ಅವನ್ನು ಓದಿ ಹೇಳುವವರು ಊರಿನಲ್ಲಿಯೇ ಇದ್ದರು.

ಜನರ ಸೇವಕರನ್ನು ಹೀಗೆ ಎತ್ತಿ ನಿಲ್ಲಿಸಿದ ವಾಜರು ತಮಗೆ ಬಂದ ಪದವಿಯನ್ನು ಮಾತ್ರ ಒಲ್ಲೆನೆಂದರು. ಪೋಪ್ ಜಗದ್ಗುರುಗಳ ಪ್ರತಿನಿಧಿಯಾಗಿ ಪೂರ್ವ ದೇಶಗಳಿಗೆ ಬಂದಿದ್ದ ಟೂರ್ನೊನ್ ಅವರು ವಾಜರನ್ನು ಧರ್ಮಾಧ್ಯಕ್ಷರನ್ನಾಗಿ ಮಾಡಬಯಸಿದಾಗ ಅವರು ನಯವಾಗಿ ತಪ್ಪಿಸಿಕೊಂಡರು. ಗೌರವವನ್ನು ಇತರರಿಗೆ ಸಲ್ಲಿಸುವುದರಲ್ಲಿ ಮುಂದು, ತಾನು ಪಡೆಯುವುದರಲ್ಲಿ ಹಿಂದು: ಲೇಖನದ ಆರಂಭದಲ್ಲಿ ನಾವು ಹೇಳಿದ ಎರಡು ಮಾತುಗಳೂ ಅವರೊಬ್ಬರಲ್ಲಿಯೇ ಕೂಡಿಕೊಂಡವು.

1711ರ ಜನವರಿ 16ರಂದು, ತಮ್ಮ 59ನೆಯ ವಯಸ್ಸಿನಲ್ಲಿ, ವಾಜರು ಕ್ಯಾಂಡಿಯಲ್ಲಿ ದೈವಾಧೀನರಾದರು. 24 ವರ್ಷಗಳ ಹಿಂದೆ ದ್ವೀಪಕ್ಕೆ ಕಾಲಿಟ್ಟವರು ಮರಳಿ ತಾಯ್ನಾಡನ್ನು ನೋಡಲಿಲ್ಲ. ಅವರ ಸಮಾಧಿಯ ಗುರುತು ಕಾಲಾಂತರದಲ್ಲಿ ಅಳಿಸಿಹೋಯಿತು. ಆದರೆ ಅವರು ನೆಲೆಗೊಳಿಸಿದ ಏರ್ಪಾಡು ಅಳಿಯಲಿಲ್ಲ. 1796ರಲ್ಲಿ ಡಚ್ಚರು ಹೋಗಿ ಬ್ರಿಟಿಷರು ಬಂದರು; 1806ರಲ್ಲಿ ಕಥೋಲಿಕರ ಮೇಲಿನ ನಿರ್ಬಂಧಗಳು ರದ್ದಾದವು. ವಾಜರ ಮರಣದಿಂದ ಅಲ್ಲಿಯವರೆಗಿನ 95 ವರ್ಷ ಗೋವೆಯ ಕೆಲವೇ ಗುರುಗಳೂ ಅವರಿಗೆ ಹೆಗಲು ಕೊಟ್ಟ ಮುಪ್ಪು, ಅಣ್ಣಾವಿಗಳೂ ಆ ಧರ್ಮಸಭೆಯನ್ನು ಕಾಪಾಡಿದರು. ಜಗದ್ಗುರು ಎರಡನೆಯ ಜಾನ್ ಪೌಲರು 1995ರ ಜನವರಿ 21ರಂದು ಕೊಲಂಬೊದಲ್ಲಿ ವಾಜರನ್ನು ಪುನೀತರೆಂದು ಸಾರಿದರು. 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸರು ಅದೇ ನಗರದ ಸಾಗರತೀರದಲ್ಲಿ ಅವರನ್ನು ಸಂತರ ಪಂಕ್ತಿಗೆ ಸೇರಿಸಿದರು. ಜನವರಿ 16 ಅವರ ಹಬ್ಬ.

ಕೃತಜ್ಞತೆಯ ಮೂರು ಮೆಟ್ಟಿಲು

ಸಂತ ತೋಮಾಸರು ಕೃತಜ್ಞತೆಗೆ ಮೂರು ಮೆಟ್ಟಿಲುಗಳನ್ನು ಹೇಳುತ್ತಾರೆ. ಪಡೆದ ಉಪಕಾರವನ್ನು ಉಪಕಾರವೆಂದು ಗುರುತಿಸುವುದು ಮೊದಲನೆಯದು. ಅದನ್ನು ಮೆಚ್ಚಿ ವಂದಿಸುವುದು ಎರಡನೆಯದು. ಕಾಲ, ಸ್ಥಳ, ಶಕ್ತಿಗಳಿಗೆ ತಕ್ಕಂತೆ ಪ್ರತ್ಯುಪಕಾರ ಮಾಡುವುದು ಮೂರನೆಯದು. ನಮ್ಮ ಸನ್ಮಾನ ಸಮಾರಂಭಗಳು ಸಾಮಾನ್ಯವಾಗಿ ಎರಡನೆಯ ಮೆಟ್ಟಿಲಲ್ಲಿ ನಿಂತುಬಿಡುತ್ತವೆ. ಹಾರ ಹಾಕುತ್ತೇವೆ. ಆದರೆ ಆ ವ್ಯಕ್ತಿ ನಿಜವಾಗಿ ಏನು ಮಾಡಿದರು ಎಂಬುದು ಸಭಿಕರಲ್ಲಿ ಅರ್ಧದಷ್ಟು ಜನರಿಗೆ ತಿಳಿದಿರುವುದಿಲ್ಲ. ಆಮೇಲೆ ಅವರಿಗೆ ಕಾಯಿಲೆಯಾದಾಗ ಯಾರು ನೋಡಲು ಹೋಗಬೇಕೆಂದು ಯಾರೂ ಯೋಚಿಸಿರುವುದಿಲ್ಲ.

ಮೊದಲ ಮೆಟ್ಟಿಲಿಗಾಗಿ ಪ್ರತಿಯೊಂದು ಧರ್ಮಕೇಂದ್ರವೂ ಒಂದು ಪುಸ್ತಕ ಇಡಬಹುದು. ದೀಕ್ಷಾಸ್ನಾನ, ವಿವಾಹ, ಮರಣಗಳಿಗೆ ದಾಖಲೆ ಪುಸ್ತಕಗಳಿವೆ. ಯಾರು ಎಷ್ಟು ವರ್ಷ ಉಪದೇಶ ಕಲಿಸಿದರು, ಯಾರು ಗಂಟೆ ಬಾರಿಸಿದರು, ವಿನ್ಸೆಂಟ್ ಡಿ ಪಾಲ್ ಸಭೆಯ ಪರವಾಗಿ ಯಾರು ಬಡವರ ಮನೆಗೆ ಹೋದರು ಎಂಬುದಕ್ಕೂ ಒಂದು ಪುಸ್ತಕವಿರಲಿ. ಕನಕಪುರದ ಹಾರೋಬೆಲೆಯಲ್ಲಿ ತಲೆಮಾರುಗಳಿಂದ ಊರಿನವರೇ ಪ್ರಭುವಿನ ಯಾತನೆಯ ನಾಟಕವನ್ನು ಆಡುತ್ತಾ ಬಂದಿದ್ದಾರೆ. ಅಂತಹ ಊರುಗಳಲ್ಲಿ ವೇಷ ಹಾಕಿದವರ ನೆನಪು ಉಳಿಯುತ್ತದೆ. ಪರದೆ ಎಳೆದವರು, ದೀಪ ಹಿಡಿದವರು ಯಾರೆಂದು ಹಿರಿಯರು ಬದುಕಿರುವಾಗಲೇ ಕೇಳಿ ಬರೆದಿಡಬೇಕು.

ಎರಡನೆಯ ಮೆಟ್ಟಿಲಿಗೆ ಧರ್ಮಸಭೆಯೇ ದಾರಿ ತೋರಿಸಿದೆ. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ನವೆಂಬರ್ 18ರಂದು ಹೊರಡಿಸಿದ ಆದೇಶದಲ್ಲಿ, ಶ್ರೀಸಾಮಾನ್ಯ ವಿಶ್ವಾಸಿಗಳ ಪ್ರೇಷಿತ ಕಾರ್ಯವು ಅವರ ದೀಕ್ಷಾಸ್ನಾನದಿಂದಲೇ ಬಂದುದೆಂದು ಬೋಧಿಸಿತು. ಅದು ಗುರುಗಳು ಕೊಟ್ಟ ಸಾಲವಲ್ಲ. 2021ರ ಮೇ 10ರಂದು ಜಗದ್ಗುರು ಫ್ರಾನ್ಸಿಸರು ಉಪದೇಶಿಗಳ ಸೇವೆಯನ್ನು ಧರ್ಮಸಭೆಯ ಅಧಿಕೃತ ಸೇವಾಪದವಿಯನ್ನಾಗಿ ಸ್ಥಾಪಿಸಿದರು. ನಮ್ಮ ಹಳ್ಳಿಯ ಉಪದೇಶಿ ಗುರುಗಳ ಕೈಯಾಳಲ್ಲ ಎಂಬುದು ಈಗ ಕಾನೂನಿನ ಮಾತೂ ಹೌದು. ಅವರನ್ನು ಏಕವಚನದಲ್ಲಿ ಕರೆಯುವ ಅಭ್ಯಾಸ ಎಲ್ಲಿಯಾದರೂ ಉಳಿದಿದ್ದರೆ ಅದನ್ನು ಬಿಡುವುದೇ ಶಾಲಿಗಿಂತ ದೊಡ್ಡ ಸನ್ಮಾನ.

ಮೂರನೆಯ ಮೆಟ್ಟಿಲು ಕಷ್ಟದ್ದು. 30 ವರ್ಷ ಇತರರ ಸಾವಿನ ಮನೆಗೆ ಹೋದವರು ತಾವು ಹಾಸಿಗೆ ಹಿಡಿದಾಗ ಒಂಟಿಯಾಗಬಾರದು. ಅವರಿಗೆ ಪರಮಪ್ರಸಾದ ತಲುಪಬೇಕು. ಔಷಧದ ಚೀಟಿಯನ್ನು ಹಿಡಿದು ಹೋಗುವ ಒಬ್ಬ ಯುವಕ ಬೇಕು. ಅವರ ಹೊರೆಯನ್ನು ಹಂಚಿಕೊಳ್ಳುವ ಕೈಗಳೂ ಬೇಕು. ಒಬ್ಬರನ್ನೇ 40 ವರ್ಷ ದುಡಿಸಿ ಕೊನೆಗೆ ಹಾರ ಹಾಕುವುದು ಗೌರವದಂತೆ ಕಂಡರೂ, ಉಳಿದ ನಾವೆಲ್ಲರೂ ತಪ್ಪಿಸಿಕೊಂಡಿದ್ದರ ಗುರುತೂ ಅದಾಗಿರಬಹುದು. ವಾಜರು ಒಂದೂರಿಗೆ ಒಬ್ಬನನ್ನೇ ನೆಚ್ಚಲಿಲ್ಲ. ಹಿರಿಯನ ಪಕ್ಕದಲ್ಲಿ ಉಪದೇಶಿಯನ್ನು ನಿಲ್ಲಿಸಿದರು.

ಆದ್ದರಿಂದ ನಮ್ಮ ಕುಟುಂಬಗಳಿಗೆ ಒಂದು ವಿನಂತಿ. ಬರುವ ಭಾನುವಾರ ಬಲಿಪೂಜೆ ಮುಗಿದ ಮೇಲೆ ಮಕ್ಕಳನ್ನು ಕರೆದುಕೊಂಡು, ನಿಮ್ಮ ದೇವಾಲಯದಲ್ಲಿ ಅತಿ ಹೆಚ್ಚು ಕಾಲ ಸೇವೆ ಸಲ್ಲಿಸಿದ ಹಿರಿಯರೊಬ್ಬರ ಬಳಿಗೆ ಹೋಗಿ. ಅವರ ಹೆಸರು ಕೇಳಿ, ಕೆಲಸ ಕೇಳಿ, ಆ ಕೆಲಸದಲ್ಲಿ ಒಂದು ಭಾಗವನ್ನು ನಿಮ್ಮ ಮಗನಿಗೋ ಮಗಳಿಗೋ ಕಲಿಸಿಕೊಡುವಂತೆ ಬೇಡಿಕೊಳ್ಳಿ. ಗಂಜಿ ಕೊಟ್ಟ ಆ ಯಾಳ್ಪಾಣದ ತಾಯಿಯನ್ನೂ, ಸಂಕೋಲೆಯಲ್ಲಿ ಬಾಯಿಬಿಡದೆ ಉಳಿದ ಗೃಹಸ್ಥರನ್ನೂ, ಜುವಾಂವ್‌ನನ್ನೂ ದೇವರು ಬಲ್ಲನು. ನಮ್ಮ ನಡುವೆ ಇರುವವರನ್ನು ಬಲ್ಲವರಾಗುವ ಕರ್ತವ್ಯ ನಮ್ಮದು. ಸಂತ ಜೋಸೆಫ್ ವಾಜರ ಬೇಡಿಕೆಯಿಂದ ಪ್ರಭುವು ಅದಕ್ಕೆ ಬೇಕಾದ ಕಣ್ಣುಗಳನ್ನು ನಮಗೆ ಕರುಣಿಸಲಿ.